ತೊಟ್ಟಿಲ ತಂತಿ

ಸೊಸಾಯಿಟಿಯ ಟೆಲಿಫೋನ್ ಬೋರ್ಡು ಸಾಯತೊಡಗಿದಾಗ ನಾನು ಅದರ ಮುಂದೆ ಕೂತು ಇಪ್ಪತ್ತಾರು ವರ್ಷಗಳಾಗಿದ್ದವು. ಅದು ಒಮ್ಮೆಲೇ ಸಾಯಲಿಲ್ಲ. ಮುದಿ ಎತ್ತು ಮೊದಲು ಒಂದು ಕಾಲು ಎಳೆದು, ಆಮೇಲೆ ಮೇವು ಬಿಟ್ಟು, ಕೊನೆಗೊಂದು ದಿನ ಏಳದೆ ಮಲಗುವ ಹಾಗೆ ಒಂದೊಂದೇ ತಂತಿ ಬಿಡುತ್ತ ಬಂತು. ಮಳೆಗಾಲ ಮುಗಿದ ತಿಂಗಳು ನಾಲ್ಕು, ಅದರ ಮುಂದಿನ ತಿಂಗಳು ಏಳು. ಬೋರ್ಡಿನ ಒಳಗಿನ ಸಾಮಾನು ಮಾಡುವ ಕಾರ್ಖಾನೆ ಮುಚ್ಚಿ ಹತ್ತು ವರ್ಷವಾಯಿತು ಎಂದು ರಿಪೇರಿಯವನು ಹೇಳಿದ. ಸ್ಕ್ರೂಡ್ರೈವರನ್ನು ನಿಧಾನವಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡ. ಆ ಒರೆಸುವುದನ್ನು ನೋಡಿಯೇ ಇವನಿನ್ನು ಬರುವುದಿಲ್ಲ ಎಂದು ನನಗೆ ತಿಳಿಯಿತು.

ನಮ್ಮೂರಿನಲ್ಲಿ ದಿನಾ ಹನ್ನೆರಡೂವರೆಗೆ ಸದ್ದು ನಿಲ್ಲುತ್ತದೆ. ನಾಲ್ಕೂವರೆಗೆ, ದನಗಳು ಊರ ಕಡೆ ಮುಖ ಮಾಡುವ ಹೊತ್ತಿಗೆ, ಮತ್ತೆ ಶುರುವಾಗುತ್ತದೆ. ಈ ನಾಲ್ಕು ತಾಸನ್ನು ಮೂಕಹೊತ್ತು ಎನ್ನುತ್ತೇವೆ. ಆಗ ಯಾವ ಸದ್ದೂ ಗಾಳಿಯಲ್ಲಿ ಒಂದು ಗೇಣಿಗಿಂತ ಮುಂದೆ ಹೋಗುವುದಿಲ್ಲ. ಬಸ್ಸಿನವನು ಹಾರ್ನಿನ ಬದಲು ಕಿಟಕಿಯಿಂದ ಕೆಂಪು ಅರಿವೆ ಬೀಸುತ್ತ ಬರುತ್ತಾನೆ. ತಗಡಿನ ಅಂಗಡಿಯವರು ಬಡಿಯುವ ಕೆಲಸವನ್ನೆಲ್ಲ ಆ ಹೊತ್ತಿಗೇ ಇಟ್ಟುಕೊಳ್ಳುತ್ತಾರೆ. ಒಂದು ಗಂಟೆಗೆ ಹುಟ್ಟಿದ ಜಗಳವನ್ನು ನಾಲ್ಕೂವರೆಯವರೆಗೆ ಕಾಪಾಡಿಕೊಳ್ಳಬೇಕಾಗುತ್ತದೆ. ಅರ್ಧಕ್ಕರ್ಧ ಜಗಳಗಳು ಅಷ್ಟರಲ್ಲಿ ಹಳಸಿಹೋಗುತ್ತವೆ. ಬೇರೆ ಊರಿನಿಂದ ಬಂದ ಸೊಸೆಯರು ಮೊದಲ ಮೂರು ದಿನ ಕಿವಿಯೊಳಗೆ ಬೆರಳು ಹಾಕಿ ಅಲುಗಿಸುತ್ತಾರೆ, ನಾಲ್ಕನೆಯ ದಿನ ಒಗ್ಗಿಕೊಳ್ಳುತ್ತಾರೆ. ಹೊಸದಾಗಿ ಮದುವೆಯಾದವರು ಗೇಣುದ್ದದ ಮಾತಿನ ಬಗ್ಗೆ ದೂರು ಹೇಳಿದ್ದನ್ನು ನಾನು ಕೇಳಿಲ್ಲ.

ಗೇಣು ದಾಟಬೇಕಾದ ಮಾತು ತಂತಿ ಹಿಡಿಯಬೇಕು. ಮೊಬೈಲುಗಳು ನಮ್ಮಲ್ಲೂ ಇವೆ, ಆದರೆ ಅವು ಗಾಳಿಯನ್ನು ನಂಬಿದವು. ಮೂಕಹೊತ್ತಿನಲ್ಲಿ ಬರೀ ಗಡಿಯಾರ. ಹೀಗಾಗಿ ಸೊಸಾಯಿಟಿಯ ಬೋರ್ಡಿನಿಂದ ಊರಿನ ಓಣಿ ಓಣಿಗೂ ತಂತಿ ಹೋಗಿತ್ತು. ಆಫೀಸಿನಲ್ಲಿ ಎದುರುಬದುರು ಕೂತ ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡುತ್ತಲೇ ಫೋನಿನಲ್ಲಿ ಮಾತಾಡುತ್ತಿದ್ದರು. ಚಹಾ ತರಿಸಬೇಕಾದರೂ ನನ್ನ ಹತ್ತಿರ ನಂಬರು ಕೇಳಬೇಕು. ನಾನು ವೈರು ಕಿತ್ತು ಇನ್ನೊಂದು ತೂತಿಗೆ ಚುಚ್ಚಿದರೆ ಚಹಾ ಬರುತ್ತಿತ್ತು.

ಇವೆಲ್ಲ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಇಲ್ಲದಿದ್ದರೆ ನಡೆಯದ ತಂತಿಗಳು ನಲವತ್ತು ಇದ್ದವು. ಅವು ತೊಟ್ಟಿಲ ತಂತಿಗಳು.

ಸೊಸಾಯಿಟಿಯ ಹಿಂದೆ ಮೆಣಸಿನಕಾಯಿಯ ದೊಡ್ಡ ಶೆಡ್ಡು ಇದೆ. ಸುಗ್ಗಿಯ ಮೂರು ತಿಂಗಳು ಅಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಾರೆ. ಬೆಳಗಿನ ತಂಪಿಗೆ ತೊಟ್ಟು ಮೆತ್ತಗಿದ್ದು ಎಳೆದರೆ ಸಿಪ್ಪೆಯೂ ಹರಿದು ಬರುತ್ತದೆ. ಬಿಸಿಲೇರಿದ ಮೇಲೆ ಚಟ್ಟನೆ ಮುರಿಯುತ್ತದೆ. ಆದ್ದರಿಂದ ಆ ಕೆಲಸ ಮೂಕಹೊತ್ತಿನ ಕೆಲಸ. ಘಾಟಿಗೆ ಕೂಸುಗಳನ್ನು ಒಳಗೆ ತರುವ ಹಾಗಿಲ್ಲ. ಮನೆಗಳು ಹಿಂದಿನ ಓಣಿಯಲ್ಲೇ ಇವೆ, ಓಡಿದರೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಡ. ಬೇರೆ ಊರಾಗಿದ್ದರೆ ಕೂಸು ಅತ್ತರೆ ಕೇಳಿಸುತ್ತಿತ್ತು. ನಮ್ಮಲ್ಲಿ ಕೇಳಿಸದು. ಅದಕ್ಕೆ ನನಗಿಂತ ಹಿಂದಿನ ಆಪರೇಟರ್ ಕಾಲದಿಂದ ಒಂದು ಪದ್ಧತಿ ನಡೆದುಬಂದಿತ್ತು. ಮನೆಯ ರಿಸೀವರನ್ನು ತೊಟ್ಟಿಲಿಗೆ, ಕೂಸಿನ ತಲೆಯ ಬಳಿ ಕಟ್ಟುವುದು. ಶೆಡ್ಡಿನ ರಿಸೀವರನ್ನು ತಾಯಿ ತನ್ನ ಕಿವಿಗೆ ಸೆರಗಿನಿಂದ ಬಿಗಿದುಕೊಳ್ಳುವುದು. ಹನ್ನೆರಡೂ ಇಪ್ಪತ್ತಕ್ಕೆ ನಾನು ನಲವತ್ತು ವೈರು ಚುಚ್ಚಿದರೆ ನಾಲ್ಕೂವರೆಗೆ ಕೀಳುವುದು. ನಲವತ್ತು ಹೆಂಗಸರು ಒಂದೇ ಕಡೆ ತಲೆ ವಾಲಿಸಿಕೊಂಡು ಕೆಂಪು ರಾಶಿಯ ಮುಂದೆ ಕೂತಿರುವುದನ್ನು ಹೊರಗಿನವರು ನೋಡಿದರೆ ಏನೋ ಧ್ಯಾನ ಎಂದುಕೊಂಡಾರು.

ಬಿಟ್ಟುಹೋದ ಹನ್ನೊಂದು ತಂತಿಗಳೂ ಅವೇ. ಹನ್ನೊಂದು ಹೆಂಗಸರು ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಮೊದಲು ಬಿಟ್ಟವಳು ರೇಣವ್ವ. ಗಂಡ ಕಲ್ಲಿನ ಕ್ವಾರಿಯ ಕೆಲಸಕ್ಕೆ ಹೋದವನು ತಿಂಗಳಿಗೊಮ್ಮೆ ಬರುವವನು. ಏಳು ತಿಂಗಳ ಹೆಣ್ಣುಕೂಸು. ಅವಳು ದಿನಾ ಬೆಳಿಗ್ಗೆ ಕೂಸನ್ನು ಸೊಂಟಕ್ಕೇರಿಸಿಕೊಂಡು ನನ್ನ ಕಿಟಕಿಗೆ ಬರುತ್ತಿದ್ದಳು.

"ಇಂದಕ್ಕಾರ, ನನ್ನ ತಂತಿ ಏನಾತ್ರಿ?"

"ಹಳೇದು ಇನ್ನ ಆಗೂದಿಲ್ಲ. ಹೊಸಾದು ಬರಾಕತ್ತೈತಿ. ಇಂಟರ್ನೆಟ್ಟಿನ ಮ್ಯಾಲೆ ಮಾತಾಡೂದು."

"ಅದರಾಗ ನನ್ನ ಕೂಸಿನ ಅಳು ಬರತೈತೇನ್ರಿ?"

"ಬರತೈತಿ."

"ನೀವ ಕೇಳೀರಿ?"

"ನಾನೆಲ್ಲಿ ಕೇಳ್ಲಿ, ಇನ್ನೂ ಬಂದಿಲ್ಲಲ್ಲ."

"ಕೇಳಲಾರದನ ಬರತೈತಿ ಅಂತೀರಲ್ಲ," ಎಂದು ನಕ್ಕಳು. "ಸುಗ್ಗಿ ಮುಗದ ಮ್ಯಾಲೆ ಬಂದ್ರ ನಾ ಅದರಾಗ ಏನ್ ಜೋಗುಳ ಹಾಡ್ಲ್ಯಾ?"

ನನಗೆ ರೋಷ ಬಂತು. "ಅಮಾಸಿ ಒಳಗ ನಿನ್ನ ತೊಟ್ಟಲಕ ತಂತಿ ಬರಲಿಲ್ಲಂದ್ರ, ನಾ ಈ ಖುರ್ಚಿ ಬಿಟ್ಟ ನಿನ್ನ ಮನ್ಯಾಗ ಕೂಸ ಕಾಯ್ಕೋತ ಕುಂದ್ರತೀನಿ. ನೀ ಕಾಯಿ ಬಿಡಸಾಕ ಹೋಗು," ಎಂದೆ. ಹೇಳಿದ ಮೇಲೆ ಹೇಳಿದ್ದು ತುಸು ದೊಡ್ಡದಾಯಿತೆನಿಸಿತು. ಅಮಾವಾಸ್ಯೆಗೆ ಹದಿನೆಂಟು ದಿನ ಇದ್ದವು.

ಕಮಿಟಿಯಲ್ಲಿ ನಾನೇ ಪಟ್ಟು ಹಿಡಿದೆ. ವೈಸ್ ಚೇರ್ಮನ್ ನಿಂಗನಗೌಡರು ಒಪ್ಪಲಿಲ್ಲ. ಹಳೆಯ ಬೋರ್ಡನ್ನು ಊರಿಗೆ ಚಕ್ಕಡಿಯಲ್ಲಿ ತಂದವರು ಅವರ ತಂದೆ. ಅದರ ಹಿತ್ತಾಳೆಯ ಪಟ್ಟಿಯ ಮೇಲೆ ಅವರ ಹೆಸರು ಇತ್ತು, ನಾನು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಗೌಡರು ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕೇಳಿದರು: "ಮಾತು ಈಗ ತಾಮ್ರದ ತಂತ್ಯಾಗ ಬರತಾವು. ಆ ಹೊಸಾದರಾಗ?"

"ಗಾಜಿನ ಎಳ್ಯಾಗ ಬರತಾವಂತ್ರಿ. ಬೆಳಕಿನ ಮ್ಯಾಲೆ."

"ಬೆಳಕಿನ ಮ್ಯಾಲೆ ಕುಂತು ಬರತಾವು. ಹೂಂ. ಹೊತ್ತ ಮುಳುಗಿದ ಮ್ಯಾಲೆ ಎಲ್ಲಿ ಇಳೀತಾವು?"

ಕಮಿಟಿಯೆಲ್ಲ ನಕ್ಕಿತು. ನಾನೂ ನಕ್ಕೆ, ಇಲ್ಲದಿದ್ದರೆ ಸೋತಂತಾಗುತ್ತಿತ್ತು. "ಗೌಡ್ರ, ಹನ್ನೊಂದ ತೊಟ್ಟಲ ಸುಮ್ಮನಾಗ್ಯಾವು. ಇನ್ನ ಇಪ್ಪತ್ತೊಂಬತ್ತು ಯಾವತ್ತ ಸುಮ್ಮನಾಗತಾವು ಅಂತ ನಾ ದಿನಾ ಜೀವ ಕೈಯಾಗ ಹಿಡಕೊಂಡ ವೈರ್ ಚುಚ್ಚಾಕತ್ತೀನಿ. ನಿಮ್ಮ ಅಪ್ಪಾರ ಇದ್ರ ಅವರ ತರಸತಿದ್ರು." ಗೌಡರು ಕೊನೆಗೆ ಏಳು ದಿನದ ಪರೀಕ್ಷೆಗೆ ಒಪ್ಪಿದರು. ಹನ್ನೆರಡು ಹೊಸ ಲೈನು. ಸರಿಹೋದರೆ ಇಡುವುದು, ಇಲ್ಲದಿದ್ದರೆ ಕಟ್ಟಿ ಕಳಿಸುವುದು. ಅರ್ಜಿಯ ಕೆಳಗೆ ಜವಾಬ್ದಾರಿ ಎಂಬ ಕಡೆ ನನ್ನಿಂದಲೇ ಸಹಿ ಹಾಕಿಸಿಕೊಂಡರು: ಇಂದುಮತಿ, ಆಪರೇಟರ್.

ಪಟ್ಟಣದ ಕಂಪನಿಯಿಂದ ಬಂದವಳು ಫರ್ಜಾನಾ ಎಂಬ ಇಂಜಿನಿಯರ್. ನಲವತ್ತರ ಹತ್ತಿರದ ಹೆಂಗಸು, ಬೆನ್ನಿಗೆ ಚೀಲ, ತಲೆಗೆ ಬಿಗಿಯಾಗಿ ಸುತ್ತಿದ ವಸ್ತ್ರ. ಕೆಲಸ ನಿಧಾನ, ಕಣ್ಣು ಚುರುಕು. ಮೊದಲ ಮೂಕಹೊತ್ತಿನಲ್ಲಿ ತನ್ನ ಕೈಯಿಂದ ಬಿದ್ದ ಸುತ್ತಿಗೆ ಸದ್ದು ಮಾಡದ್ದನ್ನು ನೋಡಿ ಅದನ್ನು ಎತ್ತಿ ಎರಡನೆಯ ಸಲ ಬೀಳಿಸಿದಳು. ಮೂರನೆಯ ಸಲ ಬೀಳಿಸಲಿಲ್ಲ, ಕೆಲಸ ಮುಂದುವರಿಸಿದಳು. ಈಕೆಯೊಂದಿಗೆ ಹೊಂದಿಕೆಯಾಗುತ್ತದೆ ಎಂದು ನನಗೆ ಆಗಲೇ ಅನಿಸಿತು.

ಅವಳು ಬರುವ ಮೊದಲೇ ಪತ್ರ ಬರೆದು, ಯಾವ ಯಾವ ಫೋನು ಏನೇನು ಕೆಲಸ ಮಾಡಬೇಕು ಎಂಬ ಪಟ್ಟಿ ಕೇಳಿದ್ದಳು. ನಾನು ನಾಲ್ಕು ಹಾಳೆ ಬರೆದುಕೊಟ್ಟಿದ್ದೆ. ಯಾರ ನಂಬರು ಎಷ್ಟು, ಯಾರು ಯಾರಿಗೆ ಹೆಚ್ಚು ಮಾಡುತ್ತಾರೆ, ಗೋದಾಮಿನ ಫೋನಿಗೆ ಇಲಿ ಕಡಿಯದ ವೈರು ಬೇಕು, ನಿಂಗನಗೌಡರಿಗೆ ಎದ್ದು ಬರಲು ಹೊತ್ತು ಹಿಡಿಯುವುದರಿಂದ ಹದಿನೈದು ಸಲ ರಿಂಗಾಗಬೇಕು, ಎಲ್ಲ. ಓದಿ ಅವಳು, "ಅಕ್ಕ, ಇಷ್ಟು ಚೆನ್ನಾಗಿ ಯಾವ ಆಫೀಸಿನವರೂ ಬರೆದುಕೊಟ್ಟಿಲ್ಲ," ಎಂದಳು. ನಾನು ಹಿಗ್ಗಿದೆ.

ಎರಡು ದಿನದಲ್ಲಿ ಹನ್ನೊಂದು ಮನೆಗೂ ಶೆಡ್ಡಿಗೂ ಹೊಸ ಕೇಬಲ್ ಎಳೆದಾಯಿತು. ಹನ್ನೆರಡನೆಯದು ನನ್ನ ಮೇಜಿಗೆ. ಬೋರ್ಡಿನ ಪಕ್ಕದಲ್ಲೇ ಒಂದು ಕಂಪ್ಯೂಟರ್ ಪರದೆ ಇಟ್ಟಳು. ಕಾಲ್ ನಡೆಯುತ್ತಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಬೂದು. ಬೆಳಿಗ್ಗೆ ಎಲ್ಲ ಲೈನಿನಲ್ಲೂ ಹಲೋ ಹಲೋ ಎಂದು ಮಾತಾಡಿಸಿ ನೋಡಿದಳು. ಮಾತು ಎಷ್ಟು ಸ್ವಚ್ಛವಾಗಿ ಬಂತೆಂದರೆ, ರೇಣವ್ವ ರಿಸೀವರನ್ನು ದೂರ ಹಿಡಿದು, "ಯವ್ವಾ, ಇಂದಕ್ಕಾರು ನನ್ನ ಕಿವ್ಯಾಗ ಹೊಕ್ಕೊಂಡ ಕುಂತಂಗ ಆಗತೈತಿ," ಎಂದಳು. ಮೂಕಹೊತ್ತು ಬಿದ್ದ ಕೂಡಲೇ ನಾನು ಫರ್ಜಾನಾಳ ಕೈಯಲ್ಲಿದ್ದ ಪರೀಕ್ಷೆಯ ಫೋನಿಗೆ ನನ್ನ ಹೊಸ ಫೋನಿನಿಂದ ಮಾಡಿದೆ. ಗಾಜಿನ ಎಳೆಯಲ್ಲೂ ಮಾತು ಬಂತು. ನಾವಿಬ್ಬರೂ ಎದುರುಬದುರು ಕೂತು ಒಬ್ಬರ ಹಲ್ಲು ಒಬ್ಬರು ನೋಡಿಕೊಂಡೆವು.

ಆ ಖುಷಿ ಏಳು ನಿಮಿಷ ಬಾಳಿತು. ಪರದೆಯ ಮೇಲೆ ಒಂದು ಹಸಿರು ದೀಪ ಬೂದಾಯಿತು. ಅದರ ಹಿಂದೆ ಇನ್ನೊಂದು. ಹುರಿಗಾಳು ಸಿಡಿದ ಹಾಗೆ ಒಂದರ ಹಿಂದೊಂದು ಹನ್ನೊಂದೂ ಆರಿದವು. ಕಿಟಕಿಯಿಂದ ನೋಡಿದೆ. ಅಂದೇ ಕೆಲಸಕ್ಕೆ ಮರಳಿದ್ದ ಹನ್ನೊಂದು ಹೆಂಗಸರು ಶೆಡ್ಡಿನ ಬಾಗಿಲಿನಿಂದ ಓಡಿ ಬಂದರು. ಕೈತುಂಬ ಖಾರ, ಬಿಚ್ಚಿದ ಸೆರಗು, ಎಲ್ಲರ ಬಾಯಿಯೂ ತೆರೆದಿತ್ತು, ಯಾವುದರಿಂದಲೂ ಸದ್ದಿಲ್ಲ. ಮನೆಗಳಲ್ಲಿ ಕೂಸುಗಳು ತಣ್ಣಗೆ ಮಲಗಿದ್ದವು.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನ ಒಂಬತ್ತು ಹೆಂಗಸರಷ್ಟೇ ಬಂದರು, ಅವರೂ ಓಡಿದರು. ಬೆಳಿಗ್ಗೆ ಫರ್ಜಾನಾ ಮಾತಾಡಿಸಿದರೆ ಎಲ್ಲ ಲೈನೂ ಸರಿ. ಕಾಲು ಗಂಟೆ ಮಾತಾಡಿದರೂ ಸರಿ. ಕೇಬಲ್ ಬದಲಿಸಿದಳು, ಫೋನು ಬದಲಿಸಿದಳು. ನಿಂಗನಗೌಡರು ನನ್ನ ಕಿಟಕಿಗೆ ಬಂದು ಊರುಗೋಲಿನಿಂದ ಚೌಕಟ್ಟು ತಟ್ಟಿದರು.

"ಇಂದವ್ವಾ, ಹೆಣ್ಮಕ್ಕಳನ್ನ ದಿನಾ ಓಟದ ಪಂದ್ಯಕ್ಕ ಬಿಡಾಕ ಹತ್ತೀಯೇನ?"

"ನಾಕ ದಿನ ಅದಾವ್ರಿ ಇನ್ನ."

"ನಾಕ ದಿನಾನೂ ಓಡಿಸ್ತಿ. ಶನಿವಾರಕ್ಕ ಗಂಟ ಕಟ್ಟಸು. ಹನ್ನೊಂದ ಮಂದಿ ಮನ್ಯಾಗಿರ್ಲಿ. ಉಳದ ಇಪ್ಪತ್ತೊಂಬತ್ತ ಬೋರ್ಡ್ ಹ್ಯಾಂಗ ನಡಸ್ತೈತಿ ಹಂಗ ನಡೀಲಿ. ಮುಂದಿನ ಸುಗ್ಗಿಗೆ ತೊಟ್ಟ ಬಿಡಸೂ ಮಶೀನ ತರಾಕ ಚೇರ್ಮನ್ನರು ಅನ್ನಾಕತ್ತಾರ."

ಕೊನೆಯ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ, ಸಂಕಟದಿಂದಲೇ ಹೇಳಿದರು. ಅದಕ್ಕೇ ನನಗೆ ಹೆಚ್ಚು ನಾಟಿತು. ಮಶೀನು ಬಂದರೆ ನಲವತ್ತು ಹೆಂಗಸರಿಗೂ ಆ ಶೆಡ್ಡಿನಲ್ಲಿ ಕೆಲಸವಿಲ್ಲ.

ನಾಲ್ಕನೆಯ ದಿನ ಫರ್ಜಾನಾ ಪರದೆ ಬಿಟ್ಟು ಶೆಡ್ಡಿಗೆ ಹೋಗಿ ಕೂತಳು. ಮೂಗಿಗೆ ವಸ್ತ್ರ ಕಟ್ಟಿಕೊಂಡು, ರೇಣವ್ವನ ಪಕ್ಕದಲ್ಲಿ, ಕಿವಿಗೆ ರಿಸೀವರ್ ಬಿಗಿದುಕೊಂಡು. ಲೈನು ಹೋದ ಮೇಲೂ ಎದ್ದು ಬರಲಿಲ್ಲ; ಹಳೆಯ ತಂತಿಯ ಹೆಂಗಸರನ್ನು ನೋಡುತ್ತ ಕೂತೇ ಇದ್ದಳು. ನಾಲ್ಕೂವರೆಗೆ ದನಗಳ ಗಂಟೆ ಕೇಳಿಸಿದಾಗ ಕಣ್ಣು ಮೂಗು ಕೆಂಪಗೆ ಮಾಡಿಕೊಂಡು ನನ್ನ ಕೋಣೆಗೆ ಬಂದಳು.

"ಅಕ್ಕ, ಒಂದು ಕೇಳ್ತೀನಿ. ಅಲ್ಲಿ ಯಾರೂ ಮಾತೇ ಆಡ್ತಿಲ್ಲವಲ್ಲ?"

"ಯಾರ ಜೋಡಿ ಆಡಬೇಕು?"

"ಫೋನಲ್ಲಿ."

"ಫೋನಿನ ಆ ಕಡೆ ಇರೂದು ಆರೇಳು ತಿಂಗಳ ಕೂಸು. ಅದರ ಜೋಡಿ ಮಾರಕಟ್ಟಿ ರೇಟ್ ಮಾತಾಡಬೇಕೇನು?"

ಅವಳು ಕುರ್ಚಿಯ ಮೇಲೆ ಕೂತಳು. "ಮತ್ತೆ ನಾಲ್ಕು ಗಂಟೆ ಏನು ಕೇಳ್ತಾರೆ ಅವರು?"

"ಉಸರು ಕೇಳತಾರ. ಕೂಸು ಹೊಳ್ಳಿ ಮಲಗಿದ್ದು, ಲೊಚಗುಟ್ಟಿದ್ದು, ತೊಟ್ಟಲದ ಹಗ್ಗ ಕಿರ್ ಅಂದದ್ದು. ಅದನ್ನ ಕೇಳ್ಕೋತ ಇದ್ರ ಕೈಗೆ ಕೆಲಸ ಹತ್ತತೈತಿ."

"ಇದನ್ನ ನೀವು ಪಟ್ಟೀಲಿ ಬರೆದಿರಲಿಲ್ಲ, ಅಕ್ಕ."

ಹೌದು. ನಾಲ್ಕು ಹಾಳೆ ಬರೆದವಳು ಇದೊಂದನ್ನು ಬರೆದಿರಲಿಲ್ಲ. ಇಲಿ ಕಡಿಯುವುದು ನೆನಪಾಗಿತ್ತು. ತೊಟ್ಟಿಲ ತಂತಿಯಲ್ಲಿ ಯಾರೂ ಮಾತಾಡುವುದಿಲ್ಲ ಎಂಬುದು ಬರೆಯುವ ವಿಷಯ ಎಂದು ಹೊಳೆದೇ ಇರಲಿಲ್ಲ. ನೀರು ಕೊಡುವವರು ಅದು ಒದ್ದೆ ಇರುತ್ತದೆ ಎಂದು ಬರೆದುಕೊಡುತ್ತಾರೆಯೇ? ನಮ್ಮೂರಿನ ಯಾರನ್ನು ಕೇಳಿದ್ದರೂ ಇದೇ ತಪ್ಪು ಮಾಡುತ್ತಿದ್ದರು.

ಫರ್ಜಾನಾ ಬಿಡಿಸಿ ಹೇಳಿದಳು. ಹೊಸ ಫೋನು ಮಾತನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ ಕಳಿಸುತ್ತದೆ. ಮಾತಿಲ್ಲದಾಗ ಪೊಟ್ಟಣ ಕಟ್ಟುವುದಿಲ್ಲ. ಏಳು ನಿಮಿಷ ಒಂದೂ ಪೊಟ್ಟಣ ಬರದಿದ್ದರೆ, ಯಾರೋ ರಿಸೀವರ್ ಸರಿಯಾಗಿ ಇಡಲು ಮರೆತಿದ್ದಾರೆ ಎಂದು ತಿಳಿದು ಲೈನನ್ನೇ ಬಿಡುತ್ತದೆ.

"ಅಂದ್ರ ಉಸರು ಮಾತಲ್ಲ ಅಂತೈತೇನ ಅದು?"

"ಅದರ ಲೆಕ್ಕದಲ್ಲಿ ಉಸಿರು ಕಸ, ಅಕ್ಕ. ಗುಡಿಸಿ ಹೊರಗೆ ಹಾಕುತ್ತೆ."

"ಗುಡಸಬ್ಯಾಡ ಅಂತ ಹೇಳಾಕ ಬರೂದಿಲ್ಲೇನ?"

ಹೇಳಬಹುದಿತ್ತು. ಆದರೆ ಆ ಕೀಲಿ ಪಟ್ಟಣದಲ್ಲಿದ್ದ ಕಂಪನಿಯ ದೊಡ್ಡ ಯಂತ್ರದಲ್ಲಿತ್ತು, ಅದನ್ನು ತಿರುಗಿಸುವ ಅಧಿಕಾರ ಅವಳ ಮೇಲಿನವರಾದ ಮೊಂತೇರೊ ಎಂಬವರದು. ಅವಳು ಆಗಲೇ ಫೋನು ಮಾಡಿದಳು. ಈ ಕಡೆಯ ಮಾತಷ್ಟೇ ನನಗೆ ಕೇಳಿಸಿತು. "ಇಲ್ಲ ಸರ್, ಫಾಲ್ಟ್ ಅಲ್ಲ... ನಾಲ್ಕು ಗಂಟೆ ಸರ್... ಹೌದು ಸರ್, ಮಾತಾಡದೆ... ಸರ್, ನಾನು ಸರಿಯಾಗಿಯೇ ಇದ್ದೀನಿ." ರಿಸೀವರ್ ಇಟ್ಟು, "ಖಾಲಿ ಕಾಲ್‌ಗಳಿಗೆ ಜಾಗ ಕೊಟ್ಟರೆ ಬೇರೆ ಊರುಗಳವರಿಗೆ ಎಲ್ಲಿಂದ ಕೊಡೋದು ಅಂತಾರೆ. ಆಗಲ್ಲ ಅಂದರು," ಎಂದಳು.

ಆ ರಾತ್ರಿ ನನಗೆ ನಿದ್ದೆ ಚೆನ್ನಾಗಿಯೇ ಬಂತು, ಯಾಕೆಂದರೆ ಮಲಗುವ ಮೊದಲೇ ಏನು ಮಾಡಬೇಕೆಂದು ನಿಶ್ಚಯಿಸಿದ್ದೆ. ಗುರುವಾರ ಒಂದು ಗಂಟೆಗೆ, ಮೂಕಹೊತ್ತು ಗಟ್ಟಿಯಾದ ಮೇಲೆ, ಹಳೆಯ ಬೋರ್ಡಿನಿಂದ ಪಟ್ಟಣಕ್ಕೆ ಹೋಗುವ ಟ್ರಂಕ್ ಲೈನಿನಲ್ಲಿ ಮೊಂತೇರೊ ಅವರಿಗೆ ಫೋನು ಮಾಡಿದೆ. ರೇಣವ್ವನ ಪಕ್ಕದ ಮನೆಯ ಹಳೆಯ ತಂತಿಯನ್ನು ಆ ಒಂದು ದಿನದ ಮಟ್ಟಿಗೆ ರೇಣವ್ವನ ತೊಟ್ಟಿಲಿಗೆ ಸಾಲ ತಂದಿದ್ದೆ. ಅದರ ಯಜಮಾನಿ, "ಒಂದ ದಿನ ನಾ ನನ್ನ ಕೂಸಿನ ಮುಂದ ಕುಂತು ಅದರ ಮಾರಿ ನೋಡತೀನಿ, ತಗೋರಿ," ಎಂದು ಬಿಟ್ಟುಕೊಟ್ಟಿದ್ದಳು.

"ನಮಸ್ಕಾರ್ರಿ ಸರ್. ನಾನು ಆಪರೇಟರ್ ಇಂದುಮತಿ."

"ನೋಡಿಯಮ್ಮ, ಫರ್ಜಾನಾಗೆ ನಾನು ಹೇಳಿದ್ದೀನಿ. ಯಾರೂ ಮಾತಾಡದ ಕಾಲ್‌ನ ಇಟ್ಕೊಂಡು ನೀವು ಮಾಡೋದಾದ್ರೂ ಏನು?"

"ಅದನ್ನ ಹೇಳಾಕ ನನಗ ಬರೂದಿಲ್ರಿ. ಒಂದ ಹತ್ತ ನಿಮಿಷ ಫೋನ್ ಹಿಡಕೊಂಡ ಕುಂದ್ರತೀರಿ? ನೀವೂ ಮಾತಾಡಬ್ಯಾಡ್ರಿ, ನಾನೂ ಮಾತಾಡೂದಿಲ್ಲ."

"ನನಗೆ ಮೀಟಿಂಗ್ ಇದೆಯಮ್ಮ."

"ಎಷ್ಟೊತ್ತಿಗ್ರಿ?"

"ಒಂದೂವರೆಗೆ."

"ಹಂಗಾದ್ರ ಇಪ್ಪತ್ತೈದ ನಿಮಿಷ ಐತಿ," ಎಂದು, ಅವರು ಇನ್ನೇನಾದರೂ ಹೇಳುವ ಮೊದಲೇ ರೇಣವ್ವನ ತೊಟ್ಟಿಲ ವೈರನ್ನು ಟ್ರಂಕ್ ಲೈನಿನ ತೂತಿಗೆ ಜೋಡಿಸಿದೆ. ಒಂದೇ ಲೈನಿನಲ್ಲಿ ಈಗ ನಾಲ್ವರು: ತೊಟ್ಟಿಲಲ್ಲಿ ಕೂಸು, ಶೆಡ್ಡಿನಲ್ಲಿ ರೇಣವ್ವ, ಬೋರ್ಡಿನ ಮುಂದೆ ನಾನು, ಪಟ್ಟಣದಲ್ಲಿ ಮೊಂತೇರೊ. ಮೂರು ಕಡೆ ಸೇರಿಸುವ ಆ ಕಟ್ಟು ಬೋರ್ಡಿಗೆ ಬಲು ಕಷ್ಟದ್ದು. ವೈರನ್ನು ಒಂದು ಬೆರಳಿನಿಂದ ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ಕಡಿಯುತ್ತದೆ. ಒತ್ತಿ ಹಿಡಿದು ಕೂತೆ.

ಮೊದಲ ಎರಡು ನಿಮಿಷ ಮೊಂತೇರೊ ಅವರ ಪೆನ್ನು ಮೇಜಿನ ಮೇಲೆ ಟಕಟಕ ಬಡಿಯುವುದು ಕೇಳಿಸಿತು. ಯಾರಿಗೋ ಕಾಗದ ತೆಗೆದುಕೊಂಡು ಹೋಗು ಎಂದರು. ಆಮೇಲೆ ಪೆನ್ನು ನಿಂತಿತು. ಆ ಕಡೆ ಕೂಸಿನ ಉಸಿರು, ತಾಮ್ರದ ಗುಂಯ್ ಎನ್ನುವ ದನಿಯೊಳಗೆ, ಬರುತ್ತಿತ್ತು ಹೋಗುತ್ತಿತ್ತು. ಒಂದು ಸಲ ನಡುವೆ ನಿಂತು, ಎರಡು ಸಲದ ಉಸಿರನ್ನು ಒಮ್ಮೆಲೇ ಎಳೆದುಕೊಂಡಿತು. ಐದನೆಯ ನಿಮಿಷಕ್ಕೆ ಮೊಂತೇರೊ ಕೇಳಿದರು:

"ಅದೇನು ಕಿಣಿಕಿಣಿ ಅನ್ನೋದು?"

"ತೊಟ್ಟಲಕ್ಕ ಬಳಿ ಕಟ್ಟ್ಯಾಳ್ರಿ. ಕಾಲ ತಾಕಿರಬೇಕು."

"ಎದ್ದಿತಾ?"

"ಇಲ್ರಿ. ಕನಸಿನ್ಯಾಗ ಒದೀತೈತಿ."

ಒಂಬತ್ತನೆಯ ನಿಮಿಷಕ್ಕೆ ಕೂಸು ಒಂದು ಸಲ ಕೆಮ್ಮಿತು. ಸಣ್ಣದು, ಗಂಟಲಲ್ಲಿ ಎಳೆ ಸಿಕ್ಕ ಹಾಗೆ. ಆಮೇಲೆ ಏನೂ ಇಲ್ಲ. ಉಸಿರೂ ಇಲ್ಲ. ನಾನು ವೈರನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದೆ. ಕಿಟಕಿಯಿಂದ ನೋಡಿದರೆ ರೇಣವ್ವ ಆಗಲೇ ಬಾಗಿಲು ದಾಟಿ ಓಡುತ್ತಿದ್ದಳು. "ಏನಾಯ್ತು? ಯಾಕೆ ಕೇಳಿಸ್ತಿಲ್ಲ?" ಎಂದರು ಮೊಂತೇರೊ. ಅವರ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ನನಗೂ ಗೊತ್ತಿರಲಿಲ್ಲ. ಆಮೇಲೆ ಬಳೆಗಳು ಒಮ್ಮೆಲೇ ಕಿಣಿಗುಟ್ಟಿದವು, ಕೂಸು ಜೋರಾಗಿ ಅತ್ತಿತು, ಅದರ ಮೇಲೆ ರೇಣವ್ವನ ಏದುಸಿರಿನ ಮಾತು ಬಿತ್ತು: "ಹೋಗ್ಲಿ ಬಿಡು ನನ್ನವ್ವಾ, ಕುಲಾವಿ ದಾರ ಬಾಯಾಗ ಹಾಕ್ಕೊಂಡಿ? ಹಸದಿತ್ತೇನ ನನ್ನ ಹೊನ್ನಿಗೆ? ತಗದ್ಯಾ, ತಗದ್ಯಾ."

ಮೊಂತೇರೊ ಮತ್ತೆ ಮಾತಾಡಿದಾಗ ಅವರ ದನಿ ಪಿಸುಗುಟ್ಟುವಷ್ಟು ಇಳಿದಿತ್ತು. ಕೂಸು ಮತ್ತೆ ಮಲಗುವ ಹೊತ್ತು ಎಂದು ಅವರಿಗೂ ತಿಳಿದಿತ್ತು.

"ಎಷ್ಟು ಲೈನು ಅಂದ್ರಿ?"

"ನಲವತ್ರಿ," ಎಂದೆ ನಾನೂ ಪಿಸುಮಾತಿನಲ್ಲಿ. "ಇನ್ನೂ ಹುಟ್ಟತಾವು."

"ದಿನಕ್ಕೆ ನಾಲ್ಕು ಗಂಟೆ."

"ನಾಕ ತಾಸು. ಸುಗ್ಗಿ ಮುಗಿಯೂ ಮಟ."

"ಫರ್ಜಾನಾಗೆ ಫೋನ್ ಹತ್ತಿರ ಇರೋಕೆ ಹೇಳಿ. ಬೇರೆ ಊರಿನವರಿಗೆ ಜಾಗದ ವ್ಯವಸ್ಥೆ ನಾನು ನೋಡ್ಕೋತೀನಿ." ಆಮೇಲೆ, "ಮೀಟಿಂಗ್‌ಗೆ ಟೈಮ್ ಆಯ್ತು. ಪರವಾಗಿಲ್ಲ, ಇನ್ನೊಂದೆರಡು ನಿಮಿಷ ಇರಲಿ, ಅದು ಮಲಗಲಿ," ಎಂದರು.

ಕೂಸು ಮಲಗಿದ ಮೇಲೆ ಬೆರಳು ತೆಗೆದೆ. ಬೆರಳಿನ ತುದಿಯಲ್ಲಿ ವೈರಿನ ಗುಂಡನೆಯ ಗುರುತು ಸಂಜೆಯವರೆಗೂ ಇತ್ತು.

ಶನಿವಾರ, ಅಮಾವಾಸ್ಯೆಗೆ ಎರಡು ದಿನ ಮೊದಲು, ಗೌಡರು ಗಂಟು ಕಟ್ಟಿಸಲು ಬಂದರು. ಬಂದಾಗ ಫರ್ಜಾನಾ ಕೊನೆಯ ಗಂಟು ಬಿಚ್ಚುತ್ತಿದ್ದಳು. ಕಂಪನಿಯಿಂದ ಉಳಿದ ಇಪ್ಪತ್ತೊಂಬತ್ತು ಫೋನೂ ಶುಕ್ರವಾರದ ಮೊದಲ ಬಸ್ಸಿಗೆ ಬಂದಿದ್ದವು, ಕೇಳದೆಯೇ. ಓಣಿಯವರೆಲ್ಲ ಕೈ ಹಾಕಿ ರಾತ್ರಿಯಿಡೀ ಕೇಬಲ್ ಎಳೆದಿದ್ದರು. ಹೆಂಗಸರು ಆಗಲೇ ಅಂಗಳದಲ್ಲಿ ಸೇರಿದ್ದರು. ಗುರುವಾರದ ಸುದ್ದಿ ಊರೆಲ್ಲ ಹಬ್ಬಿತ್ತು. ಪಟ್ಟಣದ ಸಾಹೇಬನ ಬಾಯಿಯನ್ನು ಇಂದಕ್ಕ ಇಪ್ಪತ್ತು ನಿಮಿಷ ಮುಚ್ಚಿಸಿದಳು ಎಂದು.

"ಇವತ್ತ ಏಳನೇ ದಿನ ಗೌಡ್ರ," ಎಂದೆ. "ಮೂಕಹೊತ್ತು ಮುಗಿಯೂ ಮಟ ನಂದು."

"ಮುಗಿಯೂ ಮಟ ನಿಂದು," ಎಂದು ಗೌಡರು ಮೂಟೆಯೊಂದರ ಮೇಲೆ ಕೂತರು. "ಒಬ್ಬಾಕಿ ಓಡಿದ್ಲಂದ್ರ ಗಂಟ ಕಟ್ಟು."

ಹನ್ನೆರಡೂ ಇಪ್ಪತ್ತಕ್ಕೆ ಹೆಂಗಸರು ಸೆರಗು ಬಿಗಿದು ಕೂತರು. ನಾನು ಪರದೆಯ ಮುಂದೆ. ಚುಚ್ಚುವ ವೈರಿಲ್ಲ, ಒತ್ತುವ ಒಂದೇ ಗುಂಡಿ. ಹನ್ನೆರಡೂವರೆಗೆ ಒತ್ತಿದೆ. ನಲವತ್ತು ದೀಪ ಹಸಿರಾದವು. ಅಂಗಳದ ಗುಬ್ಬಿಗಳ ಚಿಲಿಪಿಲಿ ನಡುವೆಯೇ ಕತ್ತರಿಸಿ ನಿಂತಿತು. ಮೂಕಹೊತ್ತು ಬಿತ್ತು.

ಏಳನೆಯ ನಿಮಿಷ ಬಂತು. ಶೆಡ್ಡಿನಲ್ಲಿ ಒಬ್ಬರ ಕೈಯೂ ಆಡುತ್ತಿರಲಿಲ್ಲ. ನಾನು ದೀಪಗಳನ್ನು ನೋಡುತ್ತಿದ್ದೆ, ಫರ್ಜಾನಾ ನನ್ನನ್ನು ನೋಡುತ್ತಿದ್ದಳು. ಏಳು ಹೋಗಿ ಎಂಟಾಯಿತು. ಹತ್ತಾಯಿತು. ಕಿಟಕಿಯಿಂದ ಕಂಡೆ: ಸಾಲಿನ ಕೊನೆಯಲ್ಲಿ ಒಬ್ಬಳು ರಾಶಿಗೆ ಕೈ ಹಾಕಿದಳು. ಅವಳ ಪಕ್ಕದವಳು ಹಾಕಿದಳು. ಹೊಲದ ಒಂದು ಮೂಲೆಯಿಂದ ಗಾಳಿ ತೆನೆಗಳ ಮೇಲೆ ಹಾದುಬಂದ ಹಾಗೆ ಸಾಲಿಗೆ ಸಾಲೇ ಕೆಲಸಕ್ಕೆ ಹತ್ತಿತು. ಒಂದು ತಾಸು ಕಳೆಯಿತು, ಎರಡು ತಾಸು ಕಳೆಯಿತು. ನಲವತ್ತು ಲೈನಿನಲ್ಲಿ ಒಬ್ಬರೂ ಒಂದು ಮಾತಾಡಲಿಲ್ಲ, ಒಂದು ದೀಪವೂ ಆರಲಿಲ್ಲ. ನಡುವೆ ಇಬ್ಬರು ಎದ್ದು ಮನೆಗೆ ಹೋದರು, ಓಡಲಿಲ್ಲ. ಹಸಿದ ಕೂಸಿಗೆ ಹಾಲು ಕೊಟ್ಟು ಸೆರಗು ಸರಿಮಾಡಿಕೊಳ್ಳುತ್ತ ಬಂದು ಕೂತರು.

ಮೂರೂವರೆ ಹೊತ್ತಿಗೆ ರೇಣವ್ವನ ಭುಜ ಅಲುಗತೊಡಗಿತು. ನಾನು ಎದ್ದು ಶೆಡ್ಡಿಗೆ ಹೋದೆ. ಅವಳು ನಗುತ್ತಿದ್ದಳು. ಬಾಯಿ ಅಗಲ ತೆರೆದು, ಕಣ್ಣಲ್ಲಿ ನೀರು ತುಂಬಿಕೊಂಡು. ಪಕ್ಕದವಳು ಗಲ್ಲ ಎತ್ತಿ ಏನೆಂದು ಕೇಳಿದಳು. ರೇಣವ್ವ ಸೆರಗು ಸಡಿಲಿಸಿ ರಿಸೀವರನ್ನು ಅವಳ ಇನ್ನೊಂದು ಕಿವಿಗೆ ಒತ್ತಿದಳು. ಅವಳೂ ನಗತೊಡಗಿದಳು. ಒಂದು ಕಿವಿ ತನ್ನ ಮನೆಗೆ, ಒಂದು ಕಿವಿ ರೇಣವ್ವನ ಮನೆಗೆ. ಗೌಡರು ಮೂಟೆಯಿಂದ ಎದ್ದು ಬಂದರು. ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿ, ರುಮಾಲಿನ ಅಂಚು ಸರಿಸಿ, ರಿಸೀವರನ್ನು ತಾವೇ ತೆಗೆದುಕೊಂಡರು.

ಅವರ ಮುಖವನ್ನು ನಾನು ನೋಡುತ್ತಿದ್ದೆ. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಒಂದೊಂದೇ ಸುಕ್ಕು ಬಿಚ್ಚಿಕೊಂಡಿತು. ನಿಂತಲ್ಲೇ ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತರು, ಹೆಂಗಸರ ಸಾಲಿನಲ್ಲೇ, ಖಾರದ ರಾಶಿಯ ಮುಂದೆ. ರೇಣವ್ವ ಕೈ ಚಾಚಿ ರಿಸೀವರ್ ಕೇಳಿದರೆ ಭುಜ ತಿರುಗಿಸಿಕೊಂಡರು. ಅವಳು ಎರಡನೆಯ ಸಲ ತೋಳು ಹಿಡಿದು ಎಳೆಯಬೇಕಾಯಿತು. ಆಗ ಕೊಟ್ಟರು. ಕೊಟ್ಟವರು ನನ್ನ ಕಡೆ ತಿರುಗಿ ಊರುಗೋಲನ್ನು ಹಳೆಯ ಬೋರ್ಡಿನ ಕೋಣೆಯ ಕಡೆ ತೋರಿಸಿ, ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು. ಇನ್ನು ಮಲಗಲಿ ಅದು, ಎಂದ ಹಾಗೆ.

ಎಲ್ಲರದೂ ಆದ ಮೇಲೆ ರೇಣವ್ವ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ನನ್ನ ಕಿವಿಯ ಹತ್ತಿರ ಗೇಣಿನೊಳಗೆ ಬಾಯಿ ತಂದು, "ಎದ್ದ ಒಬ್ಬಾಕಿನ ಮಾತಾಡಾಕತ್ತಿದ್ಲ್ರಿ, ಬಳಿ ಜೋಡಿ. ಬಾಬಾಬಾ ಅಂತ. ನೀವು ಬರೂದು ತಡ ಆತು, ಮತ್ತ ಮಲಗಿದ್ಲು," ಎಂದಳು.

ಪರವಾಗಿಲ್ಲ ಎಂದು ಕೈ ಮಾಡಿ ರಿಸೀವರ್ ಕಿವಿಗಿಟ್ಟುಕೊಂಡೆ. ಗುಂಯ್ ಎನ್ನುವ ತಾಮ್ರದ ದನಿ ಇಲ್ಲ. ಬರೀ ಉಸಿರು ಬರುತ್ತಿತ್ತು, ಹೋಗುತ್ತಿತ್ತು, ಇಪ್ಪತ್ತಾರು ವರ್ಷದಲ್ಲಿ ನಾನು ಎಂದೂ ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ರೇಣವ್ವ ನನ್ನ ಕಡೆ ನೋಡಲೂ ಇಲ್ಲ. ತೊಟ್ಟು ಬಿಡಿಸುತ್ತಿದ್ದಳು, ಎರಡೂ ಕೈಯಿಂದ, ಭರಭರನೆ.